ಹಗೇವಿಗೆ ಇಳಿಸಿದ ಟಾರ್ಚು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಲು ಕಾರಣ, ಆ ಹೊತ್ತಿಗೆ ನಾನೊಂದು ಫೋಟೊ ತೆಗೆದಿದ್ದೆ. ಬೇವೂರಿನ ಒಂದು ಮನೆಯ ಅಂಗಳ, ನೆಲದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ಅಗಲದ ಬಾಯಿ, ಅದರೊಳಗೆ ಹಗ್ಗದ ತುದಿಯಲ್ಲಿ ಇಳಿಯುತ್ತಿರುವ ನನ್ನ ಟಾರ್ಚು, ಸುತ್ತ ಬಗ್ಗಿ ನೋಡುತ್ತಿರುವ ನಾಲ್ಕು ತಲೆಗಳು. ಊರಿನ ಗೆಳತಿಯರಿಗೆ ಕಳಿಸಬೇಕೆಂದು ತೆಗೆದದ್ದು. ಕಳಿಸಲಿಲ್ಲ, ಅಳಿಸಲೂ ಇಲ್ಲ.

ನಾನು ಕೊಳ್ಳೇಗಾಲದ ಕಡೆಯವಳು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿ, ಬಾಗಲಕೋಟೆಯ ನವನಗರದ ಒಂದು ಪ್ರೌಢಶಾಲೆಗೆ ವಿಜ್ಞಾನ ಕಲಿಸಲು ಬಂದು ಎರಡು ವರ್ಷವಾಯಿತು. ಇಲ್ಲಿ ಶಿಕ್ಷಕಿಯನ್ನು ಅಕ್ಕಾರು ಎನ್ನುತ್ತಾರೆ. ಬಂದ ಮೊದಲ ವಾರ ಹಿಂದಿನಿಂದ ಯಾರಾದರೂ 'ಅಕ್ಕಾರ' ಎಂದರೆ ನಾನು ತಿರುಗುತ್ತಲೇ ಇರಲಿಲ್ಲ.

ನನ್ನ ಕೋಣೆ ನೀಲವ್ವನ ಮನೆಯ ಮಹಡಿ ಮೇಲೆ. ಎಪ್ಪತ್ತು ದಾಟಿದ ನೀಲವ್ವ ಇಳಕಲ್ ಸೀರೆಯ ಸೆರಗನ್ನು ತಲೆಯಿಂದ ಜಾರಗೊಡದ ಹೆಂಗಸು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆಕೆಯ ಗಂಡನ ಮನೆ ಹಳೇ ಬಾಗಲಕೋಟೆಯ ಜೊತೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಹಾಗೆ ಮನೆ ಕಳೆದುಕೊಂಡವರಿಗೆಂದೇ ಕಟ್ಟಿದ್ದು ಈ ನವನಗರ. "ಸೆಕ್ಟರ್ ನಂಬರ್ ಪೋಸ್ಟಿನವಗ. ನಾ ಇನ್ನೂ ನಮ್ಮ ಓಣ್ಯಾಗ ಇದ್ದೇನಿ" ಎನ್ನುತ್ತಾಳೆ. ಇಲ್ಲಿ ನನ್ನಂತೆಯೇ ಬೇರೆ ಕಡೆಯಿಂದ ಬಂದವರೇ ಹೆಚ್ಚು ಎಂಬುದು ಆರಂಭದ ದಿನಗಳ ಸಮಾಧಾನ. ನಮ್ಮ ಕಡೆ ಊರಿಗೆ ಹೋಗಬೇಕಾದರೆ ಬಸ್ಸು ಹತ್ತುತ್ತೇವೆ. ಇವರು ಹಿನ್ನೀರಿನ ದಂಡೆಗೆ ಹೋಗಿ ಕೈಚಾಚಿ ತೋರಿಸುತ್ತಾರೆ.

ಒಂದು ನೋಟ್‌ಬುಕ್ ಇಟ್ಟಿದ್ದೆ. ಇಲ್ಲಿನವರಿಗೆ ಗೊತ್ತಿಲ್ಲದ್ದನ್ನೆಲ್ಲ ಅದರಲ್ಲಿ ಬರೆದು ಗೆಳತಿಯರಿಗೆ ಕಳಿಸುತ್ತಿದ್ದೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ಕರ್ನಾಟಕದ ನಕ್ಷೆಯಲ್ಲಿ ಬಾಗಲಕೋಟೆಯನ್ನು ಬೀದರಿನ ಜಾಗಕ್ಕೆ ಒಯ್ದಿದ್ದ. ಚಾಲುಕ್ಯರ ಬಗ್ಗೆ ಎರಡು ಪುಟ ಬರೆದ ಹುಡುಗಿ ಬಾದಾಮಿಯನ್ನೇ ನೋಡಿರಲಿಲ್ಲ. ನೀಲವ್ವ ಒಮ್ಮೆ, "ಮೈಸೂರು ಅನ್ನೂದು ಬೆಂಗಳೂರಿನ ಒಳಗ ಬರ್ತೈತೇನ್ರಿ?" ಎಂದು ಕೇಳಿದ್ದಳು. ಗೆಳತಿಯರು ನಗುವ ಚಿತ್ರಗಳನ್ನು ಕಳಿಸುತ್ತಿದ್ದರು.

ನನಗೆ ಗೊತ್ತಿಲ್ಲದ್ದನ್ನು ಆ ಪುಸ್ತಕದಲ್ಲಿ ಬರೆಯಲಿಲ್ಲ. ಇಳಕಲ್ ಎನ್ನುವುದು ಸೀರೆಯ ಹೆಸರೆಂದೇ ತಿಳಿದಿದ್ದೆ. ಅದೊಂದು ಊರು ಎಂದು ಬಸ್ಸಿನ ಬೋರ್ಡು ನೋಡಿದ ಮೇಲೆಯೇ ತಿಳಿದದ್ದು. ಬೇವೂರಿಗೆ ಮೊದಲ ಸಲ ಹೋದಾಗ ಎತ್ತರದ ಪೈರಿನ ಹೊಲ ತೋರಿಸಿ ಇದೇನು ಬೆಳೆ ಎಂದು ಕೇಳಿದ್ದೆ. ನಮ್ಮ ಕಡೆ ಜೋಳ ಎಂದರೆ ಸುಟ್ಟು ತಿನ್ನುವ ತೆನೆಯೇ ನೆನಪಿಗೆ ಬರುವುದು.

"ನೀವು ಅನ್ನೂದು ಗೋವಿನಜ್ವಾಳ. ಜ್ವಾಳ ಅಂದ್ರ ಇದು" ಎಂದಿದ್ದಳು ನೀಲವ್ವ. "ನಿಮ್ಮ ಎಂ.ಎಸ್ಸಿ. ಅಂದ್ರ ಎಷ್ಟನೇತ್ತಾ ಆಗ್ತೈತಿ?"

"ಹದಿನೇಳನೇದು."

"ಹದಿನೇಳು ವರ್ಷ ಸಾಲಿ ಕಲ್ತು ಜ್ವಾಳ ಗೊತ್ತಿಲ್ಲಂದ್ರ, ಏನ್ ಕಲಿಸಿದ್ರವ್ವಾ ನಿಮಗ?"

ಬೇವೂರು ಆಕೆಯ ತವರು. ಅಲ್ಲಿ ಆಕೆಯ ಅಣ್ಣನ ಮಗ ಸಂಗಪ್ಪ ಇದ್ದಾನೆ. ಮೂವತ್ತೈದರ ಆಸುಪಾಸಿನ, ಮಾತಿಗೊಂದು ಚೇಷ್ಟೆ ಮಾಡುವ ಮನುಷ್ಯ. ಆ ಮನೆಯ ಅಂಗಳದಲ್ಲಿ ಹಗೇವು ಇದೆ. ಹಗೇವು ಎಂದರೆ ಕಾಳು ಕೂಡಿಡುವ ನೆಲದೊಳಗಿನ ಕೋಣೆ. ಬಾಯಿ ಸಣ್ಣದು, ಒಳಗೆ ಗಡಿಗೆಯ ಹಾಗೆ ಅಗಲ, ಎರಡಾಳಿನ ಆಳ. ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಜೋಳಕ್ಕೆ ಹುಳು ಬೀಳದೆ ವರ್ಷಗಟ್ಟಲೆ ಇರುತ್ತದೆ. ಈಗ ಇಂಥವು ಅಲ್ಲೊಂದು ಇಲ್ಲೊಂದು ಉಳಿದಿವೆ. ದಸರೆ ರಜೆಯಲ್ಲಿ ಅದನ್ನು ತೆಗೆಯುತ್ತಾರೆಂದು ಗೊತ್ತಾದಾಗ ನೋಡಲೇಬೇಕೆಂದು ನೀಲವ್ವನ ಬೆನ್ನುಹತ್ತಿ ಹೋದೆ.

ಪ್ರತಿ ಸಲ ಹಗೇವು ತೆಗೆಯುತ್ತಿದ್ದ ಪಕ್ಕದ ಓಣಿಯ ಹಿರಿಯರು ಮಗಳ ಊರು ಹುನಗುಂದಕ್ಕೆ ಹೋಗಿದ್ದರು. ನನಗೆ ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಅತಿಥಿಗೆ ತೋರಿಸಿಯೇ ಕಳಿಸಬೇಕೆಂದು ಸಂಗಪ್ಪ ತಾನೇ ಮುಂದಾದ. ಚಪ್ಪಡಿ ಸರಿಸಿದಾಗ ಬಿಸಿಯಾದ ಹುಳಿವಾಸನೆ ಮುಖಕ್ಕೆ ಹೊಡೆಯಿತು. ಮುಕ್ಕಾಲು ಗಂಟೆ ಹಾಗೇ ಬಿಟ್ಟರು.

"ಕಂದೀಲು ಇಳಿಸ್ರಿ ಮೊದಲ" ಎಂದಳು ನೀಲವ್ವ.

"ಚಿಮಣಿ ಎಣ್ಣಿ ಎಲ್ಲೈತಿ, ಅತ್ತಿ? ಈಗ ರೇಷನ್ನಿನಾಗ ಕೊಡೂದಿಲ್ಲ" ಎಂದ ಸಂಗಪ್ಪ.

"ದೇವರ ಮನಿ ಪಣತಿನರ ತರ್ತೇನಿ ತಡಿ."

ಪಣತಿ ಎಂದರೆ ನಮ್ಮ ಕಡೆಯ ಹಣತೆ. ಆಗ ನಾನು ಬಾಯಿ ಹಾಕಿದೆ. ಕರೆಂಟು ಹೋದಾಗ ಬೇಕೆಂದು ನನ್ನ ಚೀಲದಲ್ಲಿ ಸದಾ ಟಾರ್ಚು ಇರುತ್ತದೆ. "ಪಣತಿ ಇಳಿಸಿದ್ರೆ ದಾರೀಲೇ ಆರಿಹೋಗುತ್ತೆ ನೀಲವ್ವ. ಇದನ್ನ ಕಟ್ಟಿ ಬಿಡೋಣ. ಹತ್ತು ಕಂದೀಲಿನಷ್ಟು ಬೆಳಕು ಕೊಡುತ್ತೆ. ದೀಪ ಯಾಕೆ ಇಳಿಸೋದು, ನೋಡೋಕೆ ತಾನೆ?"

"ಯಾಕ ಅಂದ್ರ, ಹಿರ್ಯಾರು ಇಳಿಸ್ತಿದ್ರು. ಒಳಗ ಲಕ್ಷ್ಮಿ ಇರ್ತಾಳ, ಬೆಳಕು ತೋರಿಸಬೇಕು."

"ಹಾಗಾದ್ರೆ ಇದೂ ಬೆಳಕೇ ಅಲ್ವಾ?"

ಆಕೆ ಒಂದು ಕ್ಷಣ ಯೋಚಿಸಿ, ಆಗಲಿ ಎಂಬಂತೆ ಸೆರಗು ಸರಿಪಡಿಸಿಕೊಂಡಳು. ಟಾರ್ಚು ಇಳಿಯಿತು. ಫೋಟೊ ತೆಗೆದೆ. ತಳದಲ್ಲಿ ಜೋಳ ಮುತ್ತಿನ ರಾಶಿಯ ಹಾಗೆ ಹೊಳೆಯಿತು. ಎಂದೋ ಕೇಳಿದ್ದು ಅರ್ಧ ನೆನಪಾಗಿರಬೇಕು, ಸಂಗಪ್ಪ ಬಗ್ಗಿ ನೋಡಿ ಹೇಳಿದ: "ದೀಪ ಆರಿಲ್ಲಲ್ಲ. ಇಳೀತೇನಿ."

ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಇಳಿಯಬೇಡ ಎಂದು ನೀಲವ್ವ ಹಟ ಹಿಡಿದಳು. "ನಾ ಏನ್ ಎಮ್ಮಿ ಏನು ಅತ್ತಿ?" ಎಂದು ಅವನು ನಕ್ಕ. "ಎಮ್ಮಿಗಾದ್ರ ಬುದ್ಧಿ ಇರ್ತೈತಿ. ಸುಮ್ನ ಕಟಗೋ" ಎಂದಳು. ಆ ಹಗ್ಗವೊಂದೇ ಅಂದು ನಾವು ಮಾಡಿದ ಸರಿಯಾದ ಕೆಲಸ.

"ಕಾವು ಭಾಳ ಐತ್ರಿ" ಎಂಬ ಮಾತು ಒಳಗಿನಿಂದ ಬಂತು. ಒಂದು ಬುಟ್ಟಿ ಮೇಲೆ ಬಂತು. ಎರಡನೆಯದು ಬರಲಿಲ್ಲ. ಕರೆದರು, ಉತ್ತರವಿಲ್ಲ. ಬಗ್ಗಿ ನೋಡಿದೆ. ಸಂಗಪ್ಪ ಜೋಳದ ಮೇಲೆ ಬೋರಲು ಬಿದ್ದಿದ್ದ. ಟಾರ್ಚು ಅವನ ಬೆನ್ನ ಮೇಲೆ ಸ್ವಲ್ಪವೂ ಮಂಕಾಗದೆ ಬೆಳಗುತ್ತಿತ್ತು. ಕಣ್ಣು ಮುಚ್ಚಿದರೆ ನನಗೆ ಈಗಲೂ ಬರುವುದು ಆ ಬೆಳಕು.

ಪಕ್ಕದ ಮನೆಯ ಈರಪ್ಪ ಇಳಿಯಲು ಕಾಲು ಬಿಟ್ಟೇಬಿಟ್ಟಿದ್ದ. ನೀಲವ್ವ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದಳು. "ಒಬ್ಬಾವ ಸಾಕು. ಹಗ್ಗ ಹಿಡೀ." ಓಡಿಬಂದ ನೆರೆಯವರೂ ಸೇರಿ ನಾಲ್ಕು ಜನ ಎಳೆದರು. ಬಾಯಿಯ ಹತ್ತಿರ ಸಂಗಪ್ಪನ ಭುಜ ಸಿಕ್ಕಿಕೊಂಡಿತು. ಸಂಗಪ್ಪನ ಹೆಂಡತಿ ಶಾಂತಾ ಮೊರವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು, ಒಂದು ಮಾತೂ ಆಡದೆ. ಹೊರಗೆ ಮಲಗಿಸಿದಾಗ ಅವನ ತುಟಿ ನೇರಳೆಯಾಗಿತ್ತು. ಕಾಲೇಜಿನಲ್ಲಿ ನನಗೆ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಕೊಟ್ಟಿದ್ದಾರೆ. ಮಾಡಬೇಕಾದ ಒಂದು ಕೆಲಸವೂ ನನ್ನ ಕೈಗೆ ಬರಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದೆ, ಅಷ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ, ಅವನ ಎದೆ ಒಮ್ಮೆ ಮೇಲೆದ್ದಿತು. ಮತ್ತೊಮ್ಮೆ ಎದ್ದಿತು. ಬಾಗಲಕೋಟೆಯ ದವಾಖಾನೆ ಮುಟ್ಟುವ ಮೊದಲೇ ಕಣ್ಣು ತೆರೆದ. ಎರಡು ದಿನ ಅಲ್ಲಿದ್ದು ಮನೆಗೆ ಹೋದ.

ಊರಿನವರೆಲ್ಲ ಹೇಳಿದ್ದು ಒಂದೇ ಮಾತು: ಅಕ್ಕಾರು ಫೋನು ಹಚ್ಚಿದರು, ಜೀವ ಉಳಿಯಿತು.

ನನ್ನ ನಿದ್ದೆ ಅಲ್ಲಿಂದ ಹೋಯಿತು. ರಾತ್ರಿಯೆಲ್ಲ ಕೋಣೆಯ ಲೈಟು ಹಚ್ಚಿಕೊಂಡೇ ಕೂರುತ್ತಿದ್ದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಅದರಲ್ಲಿ ದೀಪ ಆರುತ್ತದೆ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ, ಪರೀಕ್ಷೆಗೆ ಕೇಳುತ್ತೇನೆ. ಮುಚ್ಚಿಟ್ಟ ಕಾಳು ಉಸಿರಾಡುತ್ತದೆ ಎಂಬುದೂ ಗೊತ್ತು. ಕಂದೀಲು ಇಳಿಸುತ್ತಿದ್ದದ್ದು ಅದು ಆರುತ್ತದೋ ಇಲ್ಲವೋ ಎಂದು ನೋಡಲಿಕ್ಕೆ. ಉಸಿರಾಡಲು ಗಾಳಿ ಇಲ್ಲದ ಕಡೆ ಬೆಂಕಿ ನಿಲ್ಲುವುದಿಲ್ಲ, ಟಾರ್ಚು ನಿಲ್ಲುತ್ತದೆ. ನೀಲವ್ವನ ಬಳಿ ರೂಢಿ ಉಳಿದಿತ್ತು, ಕಾರಣ ಹೋಗಿತ್ತು. ಕಾರಣ ನನ್ನ ಬಳಿ ಇತ್ತು. ಬೇವೂರಿನ ಅಂಗಳದಲ್ಲಿ ಅದು ನೆನಪಾಗಲಿಲ್ಲ.

ರಜೆ ಮುಗಿದ ಮೇಲೆ ತರಗತಿಯಲ್ಲಿ ಕೇಳಿದೆ, ಯಾರ ಮನೆಯಲ್ಲಾದರೂ ಹಗೇವು ಇದೆಯಾ ಎಂದು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು. ವಿಜ್ಞಾನದಲ್ಲಿ ಒಮ್ಮೆಯೂ ಪಾಸಾದವಳಲ್ಲ. "ನಮ್ಮಜ್ಜ ಪಣತಿ ಬಿಡ್ತಾನ್ರಿ. ಆರಿದ್ರ ಇಳಿಯೂದಿಲ್ಲ."

"ಮತ್ತೆ ದೀಪ ಆರಿಸುವ ಅನಿಲ ಯಾವುದು ಅಂತ ಪರೀಕ್ಷೆಯಲ್ಲಿ ಕೇಳಿದ್ದೆನಲ್ಲ, ಯಾಕೆ ಬರೀಲಿಲ್ಲ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅದು ಬ್ಯಾರೆ ಅಲ್ರಿ ಅಕ್ಕಾರ, ಇದು ಬ್ಯಾರೆ."

ನೋಟ್‌ಬುಕ್ಕನ್ನು ಅಂದು ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಇನ್ನೊಂದು ತಿಳಿಯಿತು. "ಹಗೇವಾ? ನಮ್ಮನೆ ಅಂಗಳದಲ್ಲೂ ಇತ್ತಲ್ಲ ಕಣೇ, ರಾಗಿದು. ನೀನು ಹುಟ್ಟೋಕೆ ಮುಂಚೆನೇ ಮುಚ್ಚಿ ಸಿಮೆಂಟು ಹಾಕಿದ್ರು. ನಮ್ಮತ್ತೆ ದೀಪ ಬಿಡದೆ ಯಾರನ್ನೂ ಇಳಿಸ್ತಿರಲಿಲ್ಲ."

"ಒಂದಿನಾನೂ ನಂಗೆ ಹೇಳಲಿಲ್ವಲ್ಲಮ್ಮ."

"ನೀನು ಓದೋಳು. ನಿಂಗ್ಯಾಕೆ ಅಂತ."

ಇಪ್ಪತ್ತು ವರ್ಷ ನಾನು ಕುಂಟೆಬಿಲ್ಲೆ ಆಡಿದ್ದು, ರಂಗೋಲಿ ಹಾಕಿದ್ದು ಅದರ ಮೇಲೆ. ನಮ್ಮೂರಿನ ಹತ್ತಿರದ ಶಾಲೆಯೊಂದರಲ್ಲಿ ಕೆಲಸ ಖಾಲಿ ಇದೆಯೆಂದೂ ಅಮ್ಮ ಹೇಳಿದಳು. ಅರ್ಜಿ ಬರೆದಿಟ್ಟೆ. ನಿದ್ದೆಯಿಲ್ಲದ ಊರಿನಿಂದ ಹೊರಟುಬಿಟ್ಟರೆ ಆಯಿತು ಎನ್ನಿಸಿತ್ತು.

ಕೆಲವು ದಿನಗಳ ನಂತರ ಸಂಗಪ್ಪ ದವಾಖಾನೆಗೆ ತೋರಿಸಲು ಬಂದವನು ನನಗೆಂದು ಒಂದು ಚೀಲ ಜೋಳ ತಂದ. ನೀಲವ್ವನ ಅಡುಗೆಮನೆಯಲ್ಲಿ ಕೂತು ಹೇಳಿದ: "ಒಂದು ಬುಟ್ಟಿ ತುಂಬಿದ್ದು ನೆನಪೈತ್ರಿ. ಆಮ್ಯಾಲ ಕಾಲು ನನ್ನವು ಅಲ್ಲ ಅನ್ನಿಸಿದ್ವು. ಇರ್ಲಿ. ಎಳ್ಳಮಾಸಿಗೆ ಉಳಿದದ್ದು ತೆಗೀಬೇಕು. ನಿಮ್ಮ ಬ್ಯಾಟರಿ ತಗೊಂಡು ಬರ್ರಿ, ಚಲೋ ಬೆಳಕು."

ಸುಮ್ಮನಿದ್ದರೆ ಜೀವ ಉಳಿಸಿದ ಅಕ್ಕಾರಾಗಿಯೇ ಊರಿಗೆ ಹೋಗಬಹುದಿತ್ತು. ಎಳ್ಳಮಾವಾಸ್ಯೆಗೆ ಟಾರ್ಚು ಮತ್ತೆ ಇಳಿಯುತ್ತಿತ್ತು.

ಬಾಯಿಂದ ಹೇಳಲು ಧೈರ್ಯ ಸಾಲಲಿಲ್ಲ, ಕೈಯಿಂದ ಹೇಳಿದೆ. ಆಳವಾದ ಪಾತ್ರೆಯಲ್ಲಿ ಒಂದು ಬಟ್ಟಲು ಕವುಚಿ, ಅದರ ಮೇಲೆ ಪಣತಿ ಹಚ್ಚಿಟ್ಟೆ. ಪಕ್ಕದಲ್ಲಿ ಟಾರ್ಚು ಹಚ್ಚಿಟ್ಟೆ. ತಳಕ್ಕೆ ಅಡುಗೆ ಸೋಡಾ ಹಾಕಿ ನಿಂಬೆರಸ ಹಿಂಡಿದೆ. ನೊರೆ ಎದ್ದಿತು. ಪಣತಿ ಗಾಳಿಯೇ ಇಲ್ಲದೆ ನಡುಗಿ ಆರಿತು. ಟಾರ್ಚು ಉರಿಯುತ್ತಲೇ ಇತ್ತು. "ಇದೇ ಕೆಟ್ಟ ಗಾಳಿ ಹಗೇವಿನೊಳಗೆ ಇದ್ದದ್ದು" ಎಂದೆ. "ನೀಲವ್ವ ಹೇಳಿದ ಹಾಗೆ ಪಣತಿ ಇಳಿಸಿದ್ರೆ ಅವತ್ತೇ ಗೊತ್ತಾಗ್ತಿತ್ತು. ಬೇಡ ಅಂದೋಳು ನಾನು. ನಾನಿದನ್ನ ಮಕ್ಕಳಿಗೆ ಕಲಿಸ್ತೀನಿ."

ನೀಲವ್ವ ಪಾತ್ರೆಯೊಳಗೆ ಬಗ್ಗಿ, ಬೆರಳಿನಿಂದ ಬತ್ತಿ ಮುಟ್ಟಿ ನೋಡಿದಳು. "ಇಷ್ಟು ಗೊತ್ತಿದ್ದಾಕಿ ಅವತ್ತ ಹೇಳಬಾರ್ದಿತ್ತೇನವ್ವಾ?" ದನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ. ಆಮೇಲೆ ತಗ್ಗಿದ ದನಿಯಲ್ಲಿ, "ನಾನೂ ಲಕ್ಷ್ಮಿ ಲಕ್ಷ್ಮಿ ಅಂತ ಕುಂತೆ" ಎಂದಳು.

ಸಂಗಪ್ಪ ಬಹಳ ಹೊತ್ತು ಟಾರ್ಚನ್ನೇ ನೋಡುತ್ತಿದ್ದ. ಕೊನೆಗೆ ಹೇಳಿದ, "ಅಕ್ಕಾರ, ನೀವು ಪರೀಕ್ಷಾದಾಗ ಪಾಸ್, ಹಗೇದಾಗ ನಪಾಸ್. ಇನ್ನೊಮ್ಮೆ ಕುಂದರ್ರಿ ಪರೀಕ್ಷಾಕ್ಕ. ನಾನೂ ಕುಂದರ್ತೇನಿ."

ಎಳ್ಳಮಾವಾಸ್ಯೆಯ ಮುಂಚೆ ಒಂದು ಭಾನುವಾರ ನಸುಕಿನಲ್ಲೇ ಚಪ್ಪಡಿ ಸರಿಸಿದರು. ಹುನಗುಂದಕ್ಕೆ ಹೋಗಿದ್ದ ಹಿರಿಯರೂ ಬಂದಿದ್ದರು. ನೀಲವ್ವ ಸಣ್ಣ ಗಡಿಗೆಯಲ್ಲಿ ಪಣತಿ ಇಟ್ಟು ಹಗ್ಗದಲ್ಲಿ ಇಳಿಬಿಟ್ಟಳು. ಅರ್ಧ ಆಳದಲ್ಲಿ ಕುಡಿ ಸಣ್ಣದಾಯಿತು, ಆರಿತು. "ಅಲ್ಲೇ ಬಿದ್ದಿದ್ದೆ ನಾ" ಎಂದ ಸಂಗಪ್ಪ. ಒಳಗಿನ ಗಾಳಿ ಬದಲಾಗಲೆಂದು ಬೇವಿನ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಗಂಡಸರು ಸರದಿಯಂತೆ ಮೇಲೆ ಕೆಳಗೆ ಆಡಿಸಿದರು. ಮಧ್ಯಾಹ್ನ ಎರಡನೆಯ ಪಣತಿ ಇನ್ನಷ್ಟು ಕೆಳಗೆ ಹೋಗಿ ಆರಿತು. ಮತ್ತೆ ಟೊಂಗೆ ಆಡಿಸಿದರು. ನನ್ನ ಬಸ್ಸು ಹೋಯಿತು. ಯಾರೂ ಅವಸರ ಮಾಡಲಿಲ್ಲ. ಮೂರನೆಯದು ಜೋಳದವರೆಗೂ ಇಳಿದು ಉರಿಯುತ್ತ ನಿಂತಿತು.

"ಅತ್ತಿ, ಹಗ್ಗ ಕಟ್ಟು" ಎಂದು ಸಂಗಪ್ಪ ತಾನೇ ಸೊಂಟ ಕೊಟ್ಟ. ಹಿರಿಯರು ಬೇಡ ಎಂದರೂ ಕೇಳಲಿಲ್ಲ. ಅವನ ಪಕ್ಕದಲ್ಲಿ ದೀಪ ತೂಗುತ್ತಿತ್ತು. ನಾನು ಅವನನ್ನು ನೋಡದೆ ದೀಪವನ್ನೇ ನೋಡಿದೆ. ಬುಟ್ಟಿಗಳು ಬರುತ್ತಲೇ ಇದ್ದವು. ಕಡೆಗೆ ಅವನ ತಲೆ ಬಂತು, ಕೂದಲ ತುಂಬ ಧೂಳು. ಶಾಂತಾ ಅಂದು ಮೊದಲ ಸಲ ಮಾತಾಡಿದಳು: "ಇನ್ನೂ ಬರೂದಿತ್ತೇನು, ಒಳಗ ಸಂಸಾರ ಹೂಡೀ ಅಂತ ಮಾಡಿದ್ದೆ." ಎಲ್ಲರೂ ನಕ್ಕರು. ನನಗೆ ಕಣ್ಣೀರು ಬಂತು.

ಸಂಜೆಯ ಬಸ್ಸಿಗೆ ನವನಗರಕ್ಕೆ ಬಂದು, ಜೋಳದ ರೊಟ್ಟಿ ತಿಂದು ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ತನಕ ಬಂದಿತ್ತು. ಸೋಮವಾರ. ನೀಲವ್ವ ಬಾಗಿಲಲ್ಲಿ ನಿಂತಿದ್ದಳು. "ನಿನ್ನೆ ರಾತ್ರಿ ನಿನ್ನ ಕ್ವಾಣ್ಯಾಗ ಲೈಟ್ ಉರೀಲಿಲ್ಲ. ಬಾಗಿಲಾ ಎರಡು ಸಲ ಬಡಿದೆ. ನಿಮ್ಮವ್ವನ ಫೋನರ ಒಂದ ಸವನ ಬಡಕೊಳ್ಳಾಕತ್ತೈತಿ."

ಅಮ್ಮನಿಗೆ ಫೋನು ಮಾಡಿದೆ. ಎಲ್ಲಿದ್ದೀಯಾ ಎಂದು ಗಾಬರಿಯಿಂದ ಕೇಳಿದಳು.

"ಮನೇಲಿ" ಎಂದೆ. ಎರಡು ವರ್ಷದಿಂದ 'ರೂಮಲ್ಲಿ' ಎನ್ನುತ್ತಿದ್ದವಳು ನಾನು.

ಅಮ್ಮ ಅರ್ಜಿ ಹಾಕಿದೆಯಾ ಎಂದು ಕೇಳಲಿಲ್ಲ. "ಅಂಗಳದಲ್ಲಿ ಹಗೇವು ಎಲ್ಲಿತ್ತು ಅಂತ ನಿಮ್ಮ ದೊಡ್ಡಪ್ಪನ್ನ ಕೇಳಿದೆ. ಸಿಮೆಂಟಿನ ಮೇಲೆ ಸುಣ್ಣದಲ್ಲಿ ಗುರುತು ಹಾಕಿಸಿದೀನಿ. ಬಂದಾಗ ನೋಡುವಂತೆ" ಎಂದಳು.