ದೊಡ್ಡಪ್ಪನ ಅಂಗಳದ ಕಡೆಗಿನ ಕಿಟಕಿ

ನಮ್ಮ ಮನೆಗೆ ಕಿಟಕಿ ಆಗುವುದಿಲ್ಲವೆಂದು ಹೇಳಿದವರು ನನ್ನ ದೊಡ್ಡಪ್ಪ ಸಾಬಣ್ಣ; ನನಗೆ ಡಿಗ್ರಿ ಆಗುವುದಿಲ್ಲವೆಂದು ಹೇಳಿದವರೂ ಅವರೇ. ಎರಡು ಭವಿಷ್ಯವಾಣಿಗಳನ್ನೂ ಅವರು ಒಂದೇ ಕಟ್ಟೆಯ ಮೇಲೆ ಕುಳಿತು, ಒಂದೇ ಎಲೆಅಡಿಕೆಯ ಬಾಯಲ್ಲಿ, ನಾಳೆ ಬಿಸಿಲು ಎನ್ನುವಷ್ಟು ನಿರಾಯಾಸವಾಗಿ ನುಡಿದಿದ್ದರು. "ಈ ಮನಿಗಿ ಖಿಡಕಿ ಆಗಂಗಿಲ್ಲ, ಈ ಹುಡುಗಿಗಿ ಡಿಗ್ರಿ ಆಗಂಗಿಲ್ಲ. ಎರಡೂ ನಮ್ಮ ವಂಶದಾಗ ಇಲ್ಲ." ಈಗ ನಾನು ಶಹಾಪುರದಲ್ಲಿ ನಾಲ್ಕೂ ದಿಕ್ಕಿಗೆ ಕಿಟಕಿಯಿರುವ ಮನೆಯಲ್ಲಿದ್ದೇನೆ. ಬಾಗಿಲ ಪಕ್ಕದ ಫಲಕದಲ್ಲಿ ನನ್ನ ಹೆಸರಿಗಿಂತ ಬಿ.ಎ., ಬಿ.ಇಡಿ. ಎನ್ನುವುದೇ ದೊಡ್ಡದಾಗಿದೆ ಎಂದು ನಮ್ಮ ಶಾಲೆಯ ಮೇಷ್ಟರುಗಳು ನಗುತ್ತಾರೆ. ನಗಲಿ. ಅವರ ಅಪ್ಪಂದಿರು ಓದಿದವರು, ಅವರ ಫಲಕಗಳಿಗೆ ಅವಸರವಿಲ್ಲ.

ಪ್ರತಿವರ್ಷ ಮುಂಗಾರಿಗೆ ಮೊದಲು ನಾನು ನನ್ನ ಕಿಟಕಿಗಳ ತಪಾಸಣೆಗೆ ಹೊರಡುತ್ತೇನೆ. ತಪಾಸಣೆ ಎಂಬ ಗಂಭೀರ ಪದವನ್ನು ಬೇಕೆಂದೇ ಬಳಸಿದ್ದೇನೆ, ಏಕೆಂದರೆ ಕೈಯಲ್ಲಿ ಸ್ಕ್ರೂಡ್ರೈವರ್, ಸವೆದ ಹಲ್ಲುಜ್ಜುವ ಬ್ರಷ್ಷು, ಸೆರಗಿನ ತುದಿಯಲ್ಲಿ ಮೊಳೆಗಳು, ಮುಖದಲ್ಲಿ ಶಾಲೆಗೆ ಬರುವ ಇನ್ಸ್‌ಪೆಕ್ಟರರ ಬಿಗುವು ಇವಿಷ್ಟೂ ಇರುತ್ತವೆ, ವಿದ್ಯೆಯೊಂದು ಇರುವುದಿಲ್ಲ. ಒಮ್ಮೆ ಕಿರುಗುಟ್ಟುವ ತಿರುಗಣಿಗೆ ಉದಾರವಾಗಿ ಕೊಬ್ಬರಿ ಎಣ್ಣೆ ಬಿಟ್ಟು ಮರುದಿನ ಇರುವೆಗಳ ದಿಬ್ಬಣವನ್ನೇ ಬರಮಾಡಿಕೊಂಡಿದ್ದೆ. ಮತ್ತೊಮ್ಮೆ ಮಳೆನೀರಿಗೆ ಉಬ್ಬಿದ ಕದವನ್ನು ಬಡಗಿಯ ಹತ್ತರಿ ಹಿಡಿದು ಸವರಿ, ಸವರಿ, ಬೇಸಿಗೆಯಲ್ಲಿ ಅದು ಕುಗ್ಗಿದಾಗ ಬೆಕ್ಕು ಆರಾಮಾಗಿ ನುಸುಳುವಷ್ಟು ಸಂದು ಮಾಡಿಟ್ಟಿದ್ದೆ. ಆದರೂ ಬಿಡುವುದಿಲ್ಲ. ಸೊಳ್ಳೆ ಜಾಳಿಗೆಯಲ್ಲಿ ತೂತು ಬಿದ್ದಿದೆಯೋ, ಚಿಲಕ ಕೂರುತ್ತದೋ, ಗೆದ್ದಲು ಮಣ್ಣಿನ ಗೆರೆ ಎಳೆದಿದೆಯೋ ಎಂದು ನೋಡುತ್ತೇನೆ. ಕೊನೆಗೆ, ವೈದ್ಯರು ರೋಗಿಯ ಎದೆ ತಟ್ಟುವಂತೆ, ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ ಒಳಗೆ ಟೊಳ್ಳಾಗಿದೆಯೇ ಎಂದು ಆಲಿಸುತ್ತೇನೆ. ಎದೆ ತಟ್ಟಿ ಆಲಿಸುವುದನ್ನು ನಾನು ಮೊದಲು ಕಂಡದ್ದು ಸುರಪುರದ ದವಾಖಾನೆಯಲ್ಲಿ. ಆ ಎದೆ ನನ್ನ ಅವ್ವ ಭೀಮವ್ವನದು.

ನಮ್ಮೂರು ಕಕ್ಕೇರಾದ ಹತ್ತಿರ. ನಮ್ಮ ಮನೆ ಕಲ್ಲು ಮಣ್ಣಿನದು, ಎರಡು ಮೊಳ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಒಲೆಯ ಹೊಗೆ ಹೋಗುವುದೂ ಬಿಸಿಲು ಬರುವುದೂ ಅದರಲ್ಲೇ, ಮಳೆ ಬಂದರೆ ಅದಕ್ಕೂ ಕಲ್ಲು ಮುಚ್ಚಬೇಕು. ಒಣ ಸೀಮೆಯಲ್ಲಿ ಬೆಂಕಿಬಿಸಿಲಿಗೆ ಹೆದರಿ ಕಟ್ಟಿದ ಮನೆ ಅದು. ನೀರಿಗೆ ಹೆದರುವ ಪ್ರಸಂಗ ಬರುತ್ತದೆಂದು ಕಟ್ಟಿದವರಿಗೆ ಗೊತ್ತಿರಲಿಲ್ಲ. ಕೆನಾಲು ಬಂತು. ಜೋಳದ ಹೊಲ ಭತ್ತದ ಗದ್ದೆಯಾಯಿತು. ಊರಿಗೆ ಮೊದಲ ಸಲ ಹಸಿರು ಬಂದದ್ದನ್ನು ಎಲ್ಲರೂ ಕಂಡರು; ಗೋಡೆಯ ಬುಡಕ್ಕೆ ನೆಲದಡಿಯ ನೀರಿನ ಜೌಳು ಏರಿದ್ದನ್ನು ನಮ್ಮಂಥವರು ಮಾತ್ರ ಕಂಡೆವು. ಅಪ್ಪ ನಾನು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದ. ಅವ್ವ ಹಗಲೆಲ್ಲ ಪರರ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚಿ, ಸಂಜೆ ಹಸಿ ಹತ್ತಿಕಟ್ಟಿಗೆ ಊದಿ ಒಲೆ ಹೊತ್ತಿಸುತ್ತಿದ್ದಳು. ದಮ್ಮು ಅವಳನ್ನು ಹಿಡಿದದ್ದು ಯಾವಾಗ ಎಂದು ನೆನಪಿಲ್ಲ; ಹೊಗೆ ಒಳಗೆ ಬಂದದ್ದು ಯಾವಾಗ ಎಂದು ಕೇಳಿದ ಹಾಗೆ.

ನಾನು ಶಹಾಪುರದ ಹಾಸ್ಟೆಲ್ಲಿಗೆ ಸೇರಿ ಬಿ.ಎ. ಮೊದಲ ವರ್ಷದಲ್ಲಿದ್ದಾಗ ಅವಳಿಗೆ ಉಸಿರು ಕಟ್ಟಿತು; ನಾನು ಊರಿಗೆ ಓಡಿ ಬಂದೆ. ದವಾಖಾನೆಗೆ ಗಂಡಸೊಬ್ಬ ಬೇಕೆಂದು ದೊಡ್ಡಪ್ಪ ಬಸ್ಸು ಹತ್ತಿ ಜೊತೆಗೆ ಬಂದರು. ಡಾಕ್ಟರು ಎದೆ ತಟ್ಟಿ, ಆಲಿಸಿ, ಮನೆಯ ಯಜಮಾನ ಇವರೇ ಎಂದುಕೊಂಡು ಅವರ ಮೇಲೆ ಹರಿಹಾಯ್ದರು. "ಮನಿಗಿ ಒಂದ್ ಖಿಡಕಿ ಇಲ್ಲೇನ್ರಿ? ಮನ್ಯಾಗ ಮನುಷ್ಯಾರನ್ನ ಇಟ್ಟೀರೋ, ಜ್ವಾಳದ ಚೀಲ ಇಟ್ಟೀರೋ? ಹಿಂಗ ಹೊಗಿ ಕುಡಕೋತ ಕುಂತ್ರ ಈಕಿ ಭಾಳ ವರ್ಷ ಬಾಳಂಗಿಲ್ಲ ನೋಡ್ರಿ." ಡಿಗ್ರಿಗೆ ಮೂರು ವರ್ಷ ಬೇಕು. ಅವ್ವನ ಉಸಿರು ಅಷ್ಟು ದೂರ ಬರುತ್ತದೆಯೇ? ಬಸ್ಸಿನಲ್ಲಿ ಅವಳೇ ಅದನ್ನು ಸರಳವಾಗಿ ಹೇಳಿಬಿಟ್ಟಳು: "ನೀ ಪಾಸಾದ ಕಾಗದ ಒಮ್ಮಿ ಕೈಯಾಗ ಹಿಡೀತೀನಿ. ಆಮ್ಯಾಲ ಏನಾದ್ರೂ ಆಗಲಿ."

ಕಿಟಕಿ ಮಾಡಬೇಕು, ಸರಿ, ಯಾವ ಗೋಡೆಗೆ? ಮುಂದಿನದು ಬಾಗಿಲಿನ ಗೋಡೆ, ಅದರಲ್ಲಿ ಬಾಗಿಲಿನಾಚೆ ಒಂದು ಮೊಳ ಜಾಗವಿಲ್ಲ. ಎಡಗಡೆ ಪರರ ಮನೆ ಅಂಟಿಕೊಂಡಿದೆ. ಹಿಂದಿನ ಗೋಡೆ ಜೌಳಿಗೆ ನೆನೆದು ನೆನೆದು, ಮನೆ ಕಟ್ಟುವ ಗೌಂಡಿ ಮುಟ್ಟಲಿಕ್ಕೂ ಒಲ್ಲೆ ಎಂದ. ಉಳಿದದ್ದು ಬಲಗಡೆಯದು, ಅದರಾಚೆ ದೊಡ್ಡಪ್ಪನ ಅಂಗಳ. ನಮ್ಮ ಕಡೆ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಿಟಕಿ ತೆರೆಯುವಂತಿಲ್ಲ, ಅಣ್ಣತಮ್ಮಂದಿರ ನಡುವೆಯಂತೂ ಸಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು: ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ಮುಖ ತೋರಿಸುವುದಿಲ್ಲ, ಮಾತಾಡುವುದಿಲ್ಲ. ಅವ್ವ ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಇಬ್ಬರೂ ನೇರವಾಗಿ ಒಂದು ಮಾತನ್ನೂ ಆಡಿರಲಿಲ್ಲ. ಅಂಥ ಭಾವನ ಅಂಗಳಕ್ಕೆ ಕಿಟಕಿ!

ಡಾಕ್ಟರ ಆ ಜೋಳದ ಚೀಲದ ಮಾತು ದೊಡ್ಡಪ್ಪನಿಗೆ ಎಲ್ಲೋ ತಾಗಿತ್ತು. ಮರುದಿನ ಬೆಳಿಗ್ಗೆ ಗೌಂಡಿಯನ್ನು ಹಿಂದಿಟ್ಟುಕೊಂಡು, ಹಾರೆ ಹೆಗಲಿಗೇರಿಸಿ ತಾವೇ ಬಂದರು. "ಖಿಡಕಿ ಆಳೆತ್ತರಕ್ಕಿಂತ ಮ್ಯಾಲ ಇರಲಿ. ಗಾಳಿ ಆಡ್ಲಿ, ಕಣ್ಣಾಡೂದು ಬ್ಯಾಡ," ಎಂಬುದೊಂದೇ ಅವರ ಷರತ್ತು. ಹಾಗೇ ಆಯಿತು. ಗೋಡೆ ಅಗೆದು, ಮೇಲೆ ಚಪ್ಪಟೆ ಪರಸಿ ಕಲ್ಲಿನ ಆಸರೆ ಕೊಟ್ಟು, ಹಳೆಯ ಚೌಕಟ್ಟೊಂದನ್ನು ಕೂರಿಸಿದರು. ಮೊದಲ ಸಂಜೆ ಒಲೆಯ ಹೊಗೆ ದಾರಿ ತಪ್ಪಿದವರಂತೆ ಮನೆಯಲ್ಲಿ ಒಂದು ಸುತ್ತು ಹಾಕಿ, ಕಿಟಕಿಯನ್ನು ಕಂಡುಕೊಂಡು ಹೊರಗೆ ಹೋಯಿತು. ನಾನು ಹಾಸ್ಟೆಲ್ಲಿಗೆ ಗೆದ್ದವಳಂತೆ ಮರಳಿದೆ.

ಓದುಗ ಮಿತ್ರರೇ, ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗಾಳಿ ಬರಲೆಂದು ತೆರೆದ ದಾರಿಯಲ್ಲಿ ಗದ್ದೆಯ ಸೊಳ್ಳೆಯೂ ಬಂತು. ಅವ್ವ ನಮ್ಮ ಊರಿನ ಎಲ್ಲ ಹೆಂಗಸರೂ ಮಾಡುತ್ತಿದ್ದದ್ದನ್ನೇ ಮಾಡಿದಳು: ಸಂಜೆಯಾದೊಡನೆ ಗಳದ ತುದಿಗೆ ಗೋಣಿಚೀಲ ಸಿಕ್ಕಿಸಿ ಎತ್ತರದ ಕಿಟಕಿಗೆ ತುರುಕಿ, ಒಳಗೆ ಬೇವಿನ ಸೊಪ್ಪಿನ ಹೊಗೆ ಹಾಕಿದಳು. ಹೊಗೆ ಹೋಗಲೆಂದು ಮಾಡಿಸಿದ ಕಿಟಕಿಯನ್ನು ಮುಚ್ಚಿ, ಮೊದಲಿಗಿಂತ ದಟ್ಟವಾದ ಹೊಗೆಯಲ್ಲಿ ದಮ್ಮಿನ ಹೆಂಗಸು ಮಲಗಿದಳು. ಶನಿವಾರ ನಾನು ಬರುತ್ತೇನೆಂದು ಚೀಲ ತೆಗೆದಿಡುತ್ತಿದ್ದಳು. ನಾನು ಚೌಕಟ್ಟಿನ ಮೊಳೆಗೆ ಸಿಕ್ಕ ಗೋಣಿಯ ನಾರು ಎಳೆದು ತೋರಿಸಿದರೆ, "ಗುಬ್ಬಿ ತಂದಿಟ್ಟಿರಬೇಕು ನೋಡು, ಗೂಡು ಕಟ್ಟಾಕತ್ಯಾವ," ಎಂದು ಮುಖ ತಿರುಗಿಸುತ್ತಿದ್ದಳು. ನನ್ನ ತಪಾಸಣೆಯ ವೃತ್ತಿ ಆರಂಭವಾದದ್ದು ಹೀಗೆ, ಮೊದಲ ಪ್ರಕರಣದಲ್ಲೇ ಗುಬ್ಬಿಯ ಕೈಯಲ್ಲಿ ಸೋತು.

ಉಳಿದ ದಿನಗಳಲ್ಲಿ ಏನಾಗುತ್ತಿತ್ತೆಂದು ಗೊತ್ತಾದದ್ದು ದೊಡ್ಡವ್ವನಿಂದ. ಕಣ್ಣಿಗೆ ಹೆದರಿ ಕಿಟಕಿಯನ್ನು ಎತ್ತರಕ್ಕೆ ಇಡಿಸಿದ ದೊಡ್ಡಪ್ಪ ಕಿವಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ದಪ್ಪ ಗೋಡೆ ಇಷ್ಟು ವರ್ಷ ನುಂಗಿಕೊಂಡಿದ್ದ ಅವ್ವನ ಕೆಮ್ಮು ಈಗ ನೇರವಾಗಿ ಅವರು ಅಂಗಳದಲ್ಲಿ ಮಲಗುವ ಹೊರಸಿನ ಮೇಲೆ ಬಂದು ಬೀಳುತ್ತಿತ್ತು. ಎದ್ದು ನೋಡಿದರೆ ಕಿಟಕಿಯ ಬಾಯಲ್ಲಿ ಚೀಲ. ಬಂಡಿಯನ್ನು ಗೋಡೆಗೆ ಒರಗಿಸಿ, ಹತ್ತಿ, ಚೀಲ ಎಳೆದು ಹಾಕುತ್ತಿದ್ದರು. ಒಳಗಿನಿಂದ ಗಳ ಮತ್ತೆ ಅದನ್ನು ತುರುಕುತ್ತಿತ್ತು. ಮಾತಾಡುವಂತಿಲ್ಲವಲ್ಲ, ಇಬ್ಬರೂ ಶಹಾಪುರದ ಹಾಸ್ಟೆಲ್ಲಿನಲ್ಲಿ ಕೂತಿದ್ದ ನನ್ನ ಹೆಸರು ಕೂಗಿ ಕೂಗಿ, ನನ್ನನ್ನು ನಡುವೆ ನಿಲ್ಲಿಸಿಕೊಂಡು ಜಗಳಕ್ಕೆ ಬಿದ್ದಿದ್ದರು.

"ಶರಣೀ, ನಿಮ್ಮವ್ವಗ ಹೇಳು, ಚೀಲ ತಗೀ ಅಂತ. ಸಾಯಾಕ ಇಷ್ಟ್ಯಾಕ ಅವಸರ ಮಾಡಾಕತ್ಯಾಳ?"

"ಶರಣೀ, ನಿಮ್ಮ ದೊಡ್ಡಪ್ಪಗ ಹೇಳು. ಸೊಳ್ಳಿ ಮ್ಯಾಲ ಅಷ್ಟು ಜೀವ ಇದ್ರ ತಮ್ಮ ಮನ್ಯಾಗ ಕರಕೊಂಡು ಉಣ್ಣಾಕ ಇಡ್ಲಿ."

"ನಿಮ್ಮವ್ವನ ಬಾಯಿಗಿ ದಮ್ಮು ಹತ್ತಿಲ್ಲ ನೋಡು, ಶರಣೀ!"

ದೊಡ್ಡವ್ವ ಇದನ್ನು ಇಬ್ಬರ ದನಿಯಲ್ಲೂ ಆಡಿ ತೋರಿಸಿದಾಗ ನಾನು ಬಿದ್ದು ಬಿದ್ದು ನಕ್ಕೆ. ಅವಳು ತನ್ನ ದನಿಗೆ ಮರಳಿ, "ಕೆಮ್ಮು ನಿಂತ್ರ ಇವರು ಎದ್ದು ಕುಂದರ್ತಾರ ಬೇ. ಮತ್ತ ಕೆಮ್ಮಿದ್ಳಂದ್ರ ಮಲಗ್ತಾರ," ಎಂದಳು.

ಎರಡನೆಯ ವರ್ಷ ನಾನು ಸುರಪುರದ ಬಜಾರಿನಿಂದ ಸೊಳ್ಳೆ ಜಾಳಿಗೆ ತಂದೆ. ದೊಡ್ಡಪ್ಪ ಬಂಡಿ ಹತ್ತಿ ಹೊರಗಿನಿಂದ ಮೊಳೆ ಹೊಡೆದರು, ನಾನು ಒಳಗೆ ಒರಳ ಮೇಲೆ ನಿಂತು ಜಗ್ಗಿ ಹಿಡಿದೆ. ಚೀಲ ಹೋಯಿತು, ಬೇವಿನ ಹೊಗೆ ನಿಂತಿತು. ಆ ಚಳಿಗಾಲದಲ್ಲಿ ಅವ್ವ ಒಂದು ಕೊಡ ನೀರನ್ನು ನಡುವೆ ಎಲ್ಲೂ ಇಳಿಸದೆ ತಂದಳು. ಜಾಳಿಗೆಗೆ ಒಳಗಿನಿಂದ ಮಸಿ, ಹೊರಗಿನಿಂದ ಭತ್ತದ ಹೊಟ್ಟು ಮೆತ್ತಿಕೊಳ್ಳುತ್ತಿತ್ತು. ಎರಡು ವಾರ ಬಿಟ್ಟರೆ ಅದು ಜಾಳಿಗೆಯಲ್ಲ, ಇನ್ನೊಂದು ಗೋಡೆ. ಒಳಮೈಯನ್ನು ಶನಿವಾರ ನಾನು ಉಜ್ಜುತ್ತಿದ್ದೆ, ಹೊರಮೈಯನ್ನು ದೊಡ್ಡಪ್ಪ. ಕೆಲವೊಮ್ಮೆ ಇಬ್ಬರೂ ಏಕಕಾಲಕ್ಕೆ ಉಜ್ಜಿ, ಒಬ್ಬರ ಧೂಳು ಒಬ್ಬರ ಮುಖಕ್ಕೆ ಕೊಟ್ಟುಕೊಂಡದ್ದೂ ಉಂಟು. "ಡಿಗ್ರಿ ಓದೂ ಕೈಗೆ ಕಸಬರಗಿ ಹಿಡಿಯಾಕ ಬರಂಗಿಲ್ಲೇನು?" ಎಂದು ಆಚೆಯಿಂದ ಸೀನುತ್ತ ಬೈಯುತ್ತಿದ್ದರು. ಡಿಗ್ರಿ ಎಂಬ ಪದ ಆಗುವುದಿಲ್ಲ ಎಂಬ ಬಾಲವಿಲ್ಲದೆ ಅವರ ಬಾಯಲ್ಲಿ ಬಂದದ್ದು ಆಗಲೇ.

ಆದರೆ ನಾನು ಜಾಳಿಗೆ ಬಡಿದದ್ದು ಕಿಟಕಿಗೆ. ಗದ್ದೆಗೆ ಜಾಳಿಗೆ ಇಲ್ಲ. ಸೊಳ್ಳೆ ಮನೆಗೆ ಬರದಂತೆ ನಾನು ತಡೆದೆ. ಅವ್ವ ದಿನಾ ಬೆಳಿಗ್ಗೆ ತಾನೇ ಸೊಳ್ಳೆಯ ಮನೆಗೆ ಹೋಗಿ, ಮೊಣಕಾಲವರೆಗೆ ನಿಂತ ನೀರಿನಲ್ಲಿ ಬಗ್ಗಿ ಕೂಲಿ ಮಾಡಿ ಬರುತ್ತಿದ್ದಳು. ಕೊನೆಯ ವರ್ಷದ ಪರೀಕ್ಷೆ ಮುಗಿಸಿ ನಾನು ಊರಿಗೆ ಬಂದಾಗ ಮಳೆಗಾಲ ಶುರುವಾಗಿತ್ತು, ಅವಳಿಗೆ ಚಳಿಜ್ವರ ಹಿಡಿದಿತ್ತು. ಜ್ವರದ ಮೇಲೆ ದಮ್ಮು. ಕಿಟಕಿ ತೆರೆದೇ ಇತ್ತು, ಜಾಳಿಗೆ ಶುಭ್ರವಾಗಿತ್ತು, ಒಳಗೆ ಒಳ್ಳೆಯ ಗಾಳಿಯಿತ್ತು. ಅದನ್ನು ಎಳೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಸುರಪುರಕ್ಕೆ ಒಯ್ಯಲು ದೊಡ್ಡಪ್ಪ ಬಂಡಿ ಹೂಡುತ್ತಿರುವಾಗಲೇ ಕೆಮ್ಮು ನಿಂತಿತು. ಎತ್ತಿನ ಹಗ್ಗ ಅವರ ಕೈಯಲ್ಲೇ ಇತ್ತು. ಯಾರೂ ಹೋಗಿ ಹೇಳಬೇಕಾಗಲಿಲ್ಲ.

ಸತ್ತ ಗಳಿಗೆ ಚೆನ್ನಾಗಿಲ್ಲ, ಮೂರು ತಿಂಗಳು ಮನೆ ಬಿಡಬೇಕು ಎಂದರು ಊರಿನ ಪಂಚಾಂಗ ನೋಡುವ ಅಯ್ಯನವರು. ನಮ್ಮ ಕಡೆ ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಮನೆಗೆ ಕೀಲಿ ಹಾಕಿ, ಬಾಗಿಲಿಗೆ ಜಾಲಿಮುಳ್ಳು ಇಟ್ಟು, ಬೇರೆಡೆ ಇರುತ್ತಾರೆ. ದೊಡ್ಡಪ್ಪ ಶಾಸ್ತ್ರ ಮೀರುವವರಲ್ಲ. ತಾವೇ ಮುಳ್ಳು ಕಡಿದು ತಂದರು, ನನ್ನ ಟ್ರಂಕು ಹೊತ್ತು ತಮ್ಮ ಮನೆಗೆ ಒಯ್ದರು. ಅಯ್ಯನವರು ಕಿಟಕಿಯನ್ನೂ ಕಲ್ಲಿಟ್ಟು ಮುಚ್ಚಿರಿ ಎಂದಾಗ ಮಾತ್ರ ನಿಂತರು.

"ಶಾಸ್ತ್ರ ಬರಿದಾಗ ನಮ್ಮಂಥವರ ಮನಿಗಿ ಖಿಡಕಿ ಎಲ್ಲಿದ್ದೂರಿ ಅಯ್ಯಾರ? ಶಾಸ್ತ್ರದಾಗ ಇಲ್ಲದ್ದು ಹ್ಯಾಂಗ ಮುಚ್ಚಬೇಕ್ರಿ?"

"ಸಾಬಣ್ಣ, ಇದು ಚ್ಯಾಷ್ಟಿ ಮಾಡೂ ಹೊತ್ತಲ್ಲ."

"ಚ್ಯಾಷ್ಟಿ ಅಲ್ರಿ. ಬಾಗಲಾ ಮುಚ್ಚೀನಿ. ಖಿಡಕಿ ನನ್ನ ಅಂಗಳದಾಗ ಅದ, ಅದರ ಪಾಪ ನನಗಿರಲಿ."

ಕಿಟಕಿ ತೆರೆದೇ ಉಳಿಯಿತು. ಒಲೆಯಿಲ್ಲದ ಮನೆಯಿಂದ ಮಸಿ ಬರುವುದಿಲ್ಲ, ಆದರೂ ದೊಡ್ಡಪ್ಪ ಬಂಡಿ ಹತ್ತಿ ಜಾಳಿಗೆ ಉಜ್ಜುವುದನ್ನು ಬಿಡಲಿಲ್ಲ. ಕಿಟಕಿ ಲೋಕವನ್ನು ನೋಡುವ ಸಾಧನವೆಂದು ಈಗ ನಮ್ಮ ಶಾಲೆಯ ಮಕ್ಕಳ ಪ್ರಬಂಧಗಳಲ್ಲಿ ಓದಿ ಅಂಕ ಕೊಡುತ್ತೇನೆ, ಕೊಡಬೇಕು. ಆದರೆ ನನ್ನ ಮನೆಯ ಕಿಟಕಿಗಳನ್ನು ಪರೀಕ್ಷಿಸುವಾಗ ನಾನು ಹೊರಗೆ ನೋಡುವುದಿಲ್ಲ. ಕಣ್ಣು ಮುಚ್ಚಿ, ಪಕ್ಕದ ಮನೆಯಲ್ಲಿ ಯಾರು ಹೇಗೆ ಉಸಿರಾಡುತ್ತಿದ್ದಾರೆಂದು ಕೇಳಿಸುತ್ತದೆಯೇ ನೋಡುತ್ತೇನೆ. ಕೇಳಿಸಿದರೆ ಕಿಟಕಿ ಸರಿಯಿದೆ.

ಆ ವರ್ಷದ ಫಲಿತಾಂಶ ಬಂತು, ಪಾಸಾದೆ. ನಮ್ಮ ವಂಶದಲ್ಲಿ ಇಲ್ಲದ್ದು ಆಯಿತು. ಕಾಗದ ಕೈಗೆ ಬರುವ ಹೊತ್ತಿಗೆ ಮನೆ ಬಿಟ್ಟ ಮೂರು ತಿಂಗಳು ಇನ್ನೂ ಮುಗಿದಿರಲಿಲ್ಲ. ಶಹಾಪುರದ ಬಸ್ಸಿನಿಂದಿಳಿದು ಬಂದಾಗ ದೊಡ್ಡಪ್ಪ ಅಂಗಳದಲ್ಲಿ ಎತ್ತಿಗೆ ಹೊಟ್ಟು ಹಾಕುತ್ತಿದ್ದರು. ಯಾರ ಕೈಯಲ್ಲಿ ಇಡಬೇಕಿತ್ತೋ ಆ ಕೈ ಇರಲಿಲ್ಲ. ಪ್ರಮಾಣಪತ್ರವನ್ನು ಅವರಿಗೆ ಕೊಟ್ಟೆ. ಅವರು ಎರಡೂ ಅಂಗೈಗಳನ್ನು ಧೋತರಕ್ಕೆ ಒರೆಸಿ, ಅದನ್ನು ಮಗುವನ್ನು ಎತ್ತಿಕೊಂಡಂತೆ ಅಡ್ಡಡ್ಡ ಹಿಡಿದು, ಅಕ್ಷರಗಳ ಮೇಲೆ ಬಹಳ ಹೊತ್ತು ಕಣ್ಣಾಡಿಸಿದರು. ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಆಮೇಲೆ ನನಗೇ ಮರಳಿ ಕೊಟ್ಟು, ನಮ್ಮ ಮನೆಯ ಕಿಟಕಿಯಿದ್ದ ಗೋಡೆಯ ಕಡೆಗೆ ಸರಿದು ನಿಂತರು.

"ಓದು ಬೇ," ಎಂದರು. "ಜೋರಾಗಿ ಓದು. ಬರೇ ನನಗ ಕೇಳಿದ್ರ ಸಾಲಂಗಿಲ್ಲ."