ಪೊಟ್ಯಾಸಿಯಂನ ಅಳತೆ

ಬೆಳಗಿನ ಆರೂವರೆ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಲ್ಲಿ ತೊಟ್ಟಿಕ್ಕುವುದು ಬಿಟ್ಟರೆ ಬೇರೆ ಸದ್ದಿಲ್ಲ. ಎಲ್ಲರೂ ‘ಲ್ಯಾಬ್ ಅಕ್ಕ’ ಎಂದೇ ಕರೆಯುವ ಅಟೆಂಡರ್, ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಸೋಡಿಯಂ ತುಂಡುಗಳ ಮೇಲೆ ಸೀಮೆಎಣ್ಣೆ ಒಂದು ಬೆರಳಿನಷ್ಟು ನಿಂತಿರಬೇಕು. ಗಾಳಿ ತಾಗಿದರೆ ಲೋಹ ಕೆಡುತ್ತದೆ, ನೀರು ತಾಗಿದರೆ ಸಿಡಿಯುತ್ತದೆ.

ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ. ದಿನಕ್ಕೆ ನೂರಿಪ್ಪತ್ತು ಪ್ರನಾಳ ತೊಳೆಯುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಎಡಹುಬ್ಬಿನ ಮೇಲೊಂದು ಗಾಯದ ಗುರುತು. ಕೆಲಸಕ್ಕೆ ಸೇರಿದ ವರ್ಷ ಪೊಟ್ಯಾಸಿಯಂ ಅನ್ನೂ ಸೋಡಿಯಂನಷ್ಟೇ ದೊಡ್ಡದಾಗಿ ಕತ್ತರಿಸಿ ನೀರಿಗೆ ಹಾಕಿದ್ದರ ಫಲ ಅದು.

“ಬೈದವರು ಹತ್ತು ಜನ. ಯಾಕೆ ಹಾಗಾಯ್ತು ಅಂತ ಹೇಳಿದವರು ಒಬ್ಬರೂ ಇಲ್ಲ,” ಎಂದು ಅಕ್ಕ ಈಗಲೂ ಹೇಳುವುದುಂಟು.

ಆಮೇಲೆ ಕಸಬರಿಗೆ ಹಿಡಿದು ತರಗತಿಯ ಬಾಗಿಲ ಹೊರಗೆ ನಿಂತೇ ಪಾಠ ಕೇಳಿದರು. ಈಗ ಯಾರು ಕೇಳಿದರೂ ತಾವೇ ವಿವರಿಸುತ್ತಾರೆ: “ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ಮೂರಕ್ಕೂ ಹೊರಗಿನ ಸುತ್ತಲ್ಲಿ ಎಲೆಕ್ಟ್ರಾನ್ ಒಂದೇ. ಮೊದಲನೇದಕ್ಕೆ ಅದು ಎರಡನೇ ಸುತ್ತಲ್ಲಿ, ಸೋಡಿಯಂಗೆ ಮೂರನೇದ್ರಲ್ಲಿ, ಪೊಟ್ಯಾಸಿಯಂಗೆ ನಾಲ್ಕನೇದ್ರಲ್ಲಿ. ನಡುವಿನ ನ್ಯೂಕ್ಲಿಯಸ್‌ನಿಂದ ದೂರ ಆದಷ್ಟೂ ಹಿಡಿತ ಸಡಿಲ. ನಮ್ಮನೆ ಕಿರಿಯವಳ ಥರ, ಬಾಗಿಲು ತೆಗೆದ್ರೆ ಸಾಕು, ಓಡಿರ್ತಾಳೆ.”

ನಿವೃತ್ತಿಗೆ ಇನ್ನು ಹದಿನೆಂಟು ದಿನ. ಯಾವುದನ್ನು ಎಷ್ಟು ಕತ್ತರಿಸಬೇಕೆಂಬುದು ಈ ಪ್ರಯೋಗಾಲಯದಲ್ಲಿ ಎಲ್ಲೂ ಬರೆದಿಲ್ಲ. ಅದು ಅಕ್ಕನ ಕೈಯಲ್ಲಷ್ಟೇ ಇದೆ.

ಎಂಟು ಗಂಟೆಗೆ ಹೊಸ ಉಪನ್ಯಾಸಕರು ಬರುತ್ತಾರೆ. “ಅಕ್ಕಾ, ಇವತ್ತು ನೀರಿಗೆ ಹಾಕಿ ತೋರಿಸೋ ಮೂರೂ ಲೋಹ ಬಟಾಣಿಯಷ್ಟು ಇರಲಿ. ಒಂದೇ ಗಾತ್ರ ಇಲ್ದಿದ್ರೆ ಹೋಲಿಸೋದು ಹೇಗೆ? ಮಕ್ಕಳು ಮೋಸ ಅಂತಾರೆ.”

ಅಕ್ಕ ಚಾಕು ಕೆಳಗಿಡುತ್ತಾರೆ. “ಪೊಟ್ಯಾಸಿಯಂ ಬಟಾಣಿಯಷ್ಟು ನಾನು ಕತ್ತರಿಸಲ್ಲ ಸರ್. ಬೇಕಾದ್ರೆ ಮೇಲಿನವರಿಗೆ ಬರೆದು ಹಾಕಿ.”

ಉಪನ್ಯಾಸಕರು ಗಡಿಯಾರ ನೋಡುತ್ತಾರೆ. ಅಕ್ಕ ಮತ್ತೆ ಚಾಕು ಎತ್ತಿಕೊಳ್ಳುತ್ತಾರೆ. “ಒಂದೇ ಗಾತ್ರ ಬೇಕು, ಅಷ್ಟೇ ತಾನೆ? ಮೂರನ್ನೂ ಪೊಟ್ಯಾಸಿಯಂ ಅಳತೆಗೆ ಇಳಿಸ್ತೀನಿ. ಸಾಸಿವೆಗಿಂತ ಚೂರು ದೊಡ್ಡದು.”

“ಹಿಂದಿನ ಬೆಂಚಿಗೆ ಕಾಣುತ್ತಾ?”

“ಅವರು ಇವತ್ತಾದ್ರೂ ಎದ್ದು ನಿಲ್ಲಲಿ ಬಿಡಿ.”

ಒಂಬತ್ತಕ್ಕೆ ಗಾಜಿನ ಮರೆಯ ಹಿಂದೆ ಲಿಥಿಯಂ ಮೆಲ್ಲಗೆ ಗುಳ್ಳೆಯೇಳಿಸುತ್ತದೆ. ಸೋಡಿಯಂ ದುಂಡಗಾಗಿ ನೀರಿನ ಮೇಲೆ ಓಡುತ್ತದೆ. ಪೊಟ್ಯಾಸಿಯಂ ನೀರು ಮುಟ್ಟಿದ್ದೇ ತಿಳಿನೇರಳೆಯಾಗಿ ಉರಿದು ಚಟ್ಟನೆ ಸಿಡಿಯುತ್ತದೆ. ಅಷ್ಟು ಚೂರಿಗೇ ಉಪನ್ಯಾಸಕರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ತರಗತಿ ಮುಗಿದ ಮೇಲೆ ಅವರು ಮೂರರ ಅಳತೆಯನ್ನೂ ದಪ್ಪಕ್ಷರದಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸುತ್ತಾರೆ. ಕೆಳಗೆ ಅಕ್ಕನ ಹೆಸರು ಹಾಕಲು ಹೊರಟಾಗ ಅಕ್ಕ ಕೈ ಅಡ್ಡ ಹಿಡಿಯುತ್ತಾರೆ.

“ಹೆಸರು ಬೇಡ ಸರ್. ಹೊಸಬರು ಚಾಕು ತಗೊಳ್ಳೋ ಮುಂಚೆ ಓದಿದ್ರೆ ಸಾಕು.”