ಕಲೆಯಿಲ್ಲದ ಬಟ್ಟೆಗಳು

ಮದುವೆಯಾಗಿ ಗಂಡನ ಕಾಲೊನಿಗೆ ಬಂದ ಎರಡನೆಯ ಚಳಿಗಾಲದಲ್ಲಿ ಯುಸ್ಟೀನಾ ಗಂಡುಮಗುವನ್ನು ಹೆತ್ತಳು. ಬಾಣಂತನಕ್ಕೆ ಅವಳ ತಾಯಿ ಸಾನ್ನಾ ಮ್ಯಾನಿಟೋಬಾ ಬಯಲಿನ ಇನ್ನೊಂದು ತುದಿಯ ಕಾಲೊನಿಯಿಂದ ಬಂದಳು. ಕೋಳಿಗೂಡನ್ನು ಸೊಸೆಗೆ ಒಪ್ಪಿಸಿ, ಒಂದು ಪೆಟ್ಟಿಗೆ ರಸ್ಕು, ಒಂದು ಚೀಲ ಸೋಂಪು ಹಿಡಿದುಕೊಂಡು ಬಂದಿದ್ದಳು.

ಅವರ ಕ್ರೈಸ್ತ ಪಂಗಡದಲ್ಲಿ ಬಾಣಂತಿಗೆ ಕೆಲಸವಿಲ್ಲ. ಅಡಿಗೆ, ಹಟ್ಟಿ, ತೋಟ ಎಲ್ಲವೂ ಎಲ್ಲರದಾದ ಊರಿನಲ್ಲಿ ಗಂಟೆ ಬಾರಿಸಿದೊಡನೆ ಪ್ರತಿ ಹೆಂಗಸೂ ಏಳಬೇಕು. ಏಳದಿದ್ದರೂ ಯಾರೂ ಏನೂ ಅನ್ನದಿರುವುದು ಬಾಣಂತಿಗೆ ಮಾತ್ರ. ಹಿಟ್ಟಿನುಂಡೆ ಹಾಕಿದ ಕೋಳಿಸಾರು ಅವಳ ಹಾಸಿಗೆಗೇ ಬರುತ್ತದೆ. ಮಗುವನ್ನು ಮೀಯಿಸುವುದು, ಬಟ್ಟೆ ಬದಲಿಸುವುದು, ಒಗೆಯುವುದು ಅವಳ ತಾಯಿಯ ಪಾಲಿಗೆ. ಬಾಣಂತಿ ಮಲಗಿಕೊಂಡು ಹಾಲು ಕೊಟ್ಟರೆ ಸಾಕು.

ಆ ಒಂದು ಕೆಲಸವೇ ಯುಸ್ಟೀನಾಳಿಗೆ ಕೈಹತ್ತಲಿಲ್ಲ.

ಮಕ್ಕಳೆಂದರೆ ಅವಳಿಗೆ ಹೊಸದಲ್ಲ. ಲಂಗದ ಹುಡುಗಿಯಾಗಿದ್ದಾಗಲೇ ಅವಳನ್ನು ಅಣ್ಣನ ಹೆಂಡತಿಯ ಕೂಸು ನೋಡಿಕೊಳ್ಳಲು ಹಚ್ಚಿದ್ದರು. ಚೌಕದ ಬಟ್ಟೆಯನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸುವುದು, ಪಿನ್ನು ಚುಚ್ಚುವಾಗ ತನ್ನ ಬೆರಳನ್ನು ಒಳಗಿಟ್ಟು ಕೂಸಿನ ಚರ್ಮ ಕಾಯುವುದು ಅವಳಿಗೆ ನಿದ್ದೆಗಣ್ಣಿನಲ್ಲೂ ಬರುತ್ತಿತ್ತು. ಅಳುವ ಮಗುವನ್ನು "ಯುಸ್ಟೀನಾ ಕೈಗೆ ಕೊಡಿ" ಎನ್ನುತ್ತಿದ್ದರು. ಈಗ ತನ್ನ ಮಗು ಪೌಲ್ ಮಾತ್ರ ಅವಳ ಕೈಯಲ್ಲಿ ಅಪರಿಚಿತನಂತಿದ್ದ. ಮೊದಲ ವಾರ ಎದೆ ಕಲ್ಲಿನಂತೆ ಕಟ್ಟಿ ಜ್ವರ ಬಂತು. ತಾಯಿ ಬಿಸಿ ಬಟ್ಟೆಯ ಶಾಖ ಕೊಟ್ಟು ಇಳಿಸಿದಳು. ಇಳಿದದ್ದು ಮತ್ತೆ ತುಂಬಲಿಲ್ಲ. ಮಗು ಬಾಯಿ ಹಾಕಿ ನಾಲ್ಕು ಗುಟುಕು ಎಳೆದು ನಿದ್ದೆ ಹೋಗುತ್ತಿತ್ತು. ಕೆನ್ನೆ ತಟ್ಟಿದರೂ, ಅಂಗಾಲು ಕೆರೆದರೂ ಏಳುತ್ತಿರಲಿಲ್ಲ.

"ನಮ್ಮ ವಂಶದ ಹಾಲೇ ತೆಳು ಕಣೇ," ಎಂದಳು ಸಾನ್ನಾ. "ನಂದೂ ಹಿಂಗೇ ಇತ್ತು, ನೀಲಿ ನೀರು. ದೇವರು ಕೊಟ್ಟಷ್ಟು. ನೀನು ಮಲ್ಕೊ. ಬಾಣಂತಿ ನಿದ್ದೆಗೆಟ್ಟರೆ ಇರೋದೂ ಹುಳಿಯಾಗುತ್ತೆ."

ಕತ್ತಲಾಗುತ್ತಲೇ ಅವಳು ತೊಟ್ಟಿಲನ್ನು ತನ್ನ ಕೋಣೆಗೆ ಎಳೆದುಕೊಳ್ಳುತ್ತಿದ್ದಳು. ಮಗು ಕುಯ್ಯೆಂದರೆ ಸೋಂಪಿನ ಕಷಾಯಕ್ಕೆ ಚಿಟಿಕೆ ಸಕ್ಕರೆ ಹಾಕಿ ಬಾಟಲಿಯಲ್ಲಿ ಕುಡಿಸುತ್ತಿದ್ದಳು. ಯುಸ್ಟೀನಾ ಬೆಳಗಿನ ತನಕ ಸತ್ತಂತೆ ನಿದ್ರಿಸುತ್ತಿದ್ದಳು. ಇಂಥ ತಾಯಿ ಯಾರಿಗುಂಟು ಎಂದು ಊರೇ ಅನ್ನುತ್ತಿತ್ತು, ಅವಳೂ ಅಂದುಕೊಳ್ಳುತ್ತಿದ್ದಳು.

ಗಂಡ ಎಲಿಯಾಸ್ ಹೆಬ್ಬಾತುಗಳ ಉಸ್ತುವಾರಿಯವನು. ಕೆಲಸ ಮುಗಿಸಿ ಬಂದವನು ಮಗುವನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡುತ್ತಿದ್ದ.

"ಏನೋ ಹಗುರ ಅನ್ಸುತ್ತಪ್ಪ. ನನ್ನ ಬಾತುಮರಿ ಇದಕ್ಕಿಂತ ಬೇಗ ಭಾರ ಆಗುತ್ತೆ."

"ಬಾತುಮರೀನ ನಿಮ್ಮಮ್ಮ ಹೆತ್ತಿದ್ಳಾ?" ಎಂದು ಸಾನ್ನಾ ಅಡುಗೆ ಪಾತ್ರೆ ಕುಕ್ಕಿದಳು.

"ಅಲ್ಲ ಅತ್ತೆ, ಕಾಲೊನಿ ಯಜಮಾನ್ರನ್ನ ಕೇಳಿ ಪೇಟೆಯಿಂದ ಒಂದು ಡಬ್ಬ ಹಾಲಿನ ಪುಡಿ ತರಿಸ್ಲಾ ಅಂತ."

"ಹಾಲಿರೋ ತಾಯಿ ಪಕ್ಕದಲ್ಲಿ ಮಲಗಿರುವಾಗ? ನಾಳೆ ಊಟದ ಮನೆಯಲ್ಲಿ ಎಲ್ಲರೂ ಅವಳ ಎದೆ ವಿಷಯ ಮಾತಾಡಲಿ ಅಂತಲಾ? ಹೊತ್ತುಹೊತ್ತಿಗೆ ಬಟ್ಟೆ ಒದ್ದೆಯಾಗ್ತಿದೆ, ಗೊತ್ತೇನು? ಒಳಗೆ ಹೋಗದೆ ಉಚ್ಚೆ ಎಲ್ಲಿಂದ ಬರುತ್ತಪ್ಪ?"

ಎಲಿಯಾಸ್ ಮಗುವನ್ನು ತೊಟ್ಟಿಲಿಗೆ ಮರಳಿಸಿದ. ಯುಸ್ಟೀನಾಳಿಗೂ ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು. ಮಗು ಅಳುವುದೂ ಇಲ್ಲವಲ್ಲ. ನೋಡಲು ಬಂದವರೆಲ್ಲ ಎಂಥ ಸಾಧು ಕೂಸು ಎಂದು ಹೊಗಳಿ ಹೋಗುತ್ತಿದ್ದರು. ಆದರೂ ಮುಖದ ಚರ್ಮ ಸಡಿಲಾಗಿ ಮುದುಕನ ಕಳೆ ಬರುತ್ತಿರುವುದನ್ನು ಅವಳು ದಿನವೂ ಕಾಣುತ್ತಿದ್ದಳು. ಕೇಳಿದರೆ ತಾಯಿಗೆ ನೋವು. ಅಷ್ಟು ದೂರದಿಂದ ಬಂದು, ಸೊಂಟ ಹಿಡಿದುಕೊಂಡು ಹಿಮದಲ್ಲಿ ಬಟ್ಟೆ ಒಣಹಾಕುವವಳನ್ನು ಏನೆಂದು ಕೇಳುವುದು?

ಒಂದು ದಿನ ಮಧ್ಯಾಹ್ನ ಎಲಿಯಾಸನ ಅತ್ತಿಗೆ ರಾಹೆಲ್ ಸಾರಿನ ಪಾತ್ರೆ ಹಿಡಿದು ಬಂದಳು. ಅವಳು ಇದ್ದಲ್ಲಿ ಮಾತಿಗೆ ಬರವಿಲ್ಲ.

"ಏನು ಸಾನ್ನಕ್ಕ, ನಿಮ್ಮ ತಂತಿ ಮೇಲಿನ ಬಟ್ಟೆ ನೋಡಿ ನಮ್ಮ ಹೆಂಗಸರೆಲ್ಲ ಹೊಟ್ಟೆ ಉರ್ಕೊಳ್ತಿದಾರೆ! ಹಿಮ ಯಾವುದು, ಲಂಗೋಟಿ ಯಾವುದು ಗೊತ್ತಾಗಲ್ಲ. ಯಾವ ಸೋಪು ಹಾಕ್ತೀರಿ?"

"ಎಲ್ಲರೂ ಹಾಕೋ ಸೋಪೇ ಕಣಮ್ಮ. ಕೈ ಬೇರೆ," ಎಂದಳು ಸಾನ್ನಾ. ಮುಖ ಅರಳಿತ್ತು.

"ನನ್ನ ಮಕ್ಕಳ ಬಟ್ಟೆ ಬೇಸಿಗೆ ಬಿಸಿಲು ಬೀಳೋ ತನಕ ಸಾಸಿವೆ ಹೊಲದ ಥರ ಇರ್ತಿದ್ವು. ಈ ನಿಮ್ಮ ಮೊಮ್ಮಗ ದೇವದೂತನೋ ಏನೋ! ಉಚ್ಚೆ ಮಾತ್ರ ಹೊಯ್ತಾನೆ, ಹೇಲೋ ಕೆಲಸಾನೇ ಇಟ್ಕೊಂಡಿಲ್ಲ!"

ಮೂವರೂ ನಕ್ಕರು. ಯುಸ್ಟೀನಾಳ ನಗು ಅರ್ಧಕ್ಕೇ ನಿಂತಿತು.

ರಾಹೆಲಳನ್ನು ಬೀಳ್ಕೊಡಲು ಸಾನ್ನಾ ಹೊರಗೆ ಹೋಗಿ, ಹಾಗೆಯೇ ಬಟ್ಟೆ ತರಲು ತಂತಿಯ ಕಡೆ ನಡೆದಳು. ಯುಸ್ಟೀನಾ ಹಾಸಿಗೆಯಿಂದಿಳಿದು ಬಚ್ಚಲಿನ ಬಾಗಿಲ ಹಿಂದಿದ್ದ ಬಕೆಟ್ಟಿನ ಮುಚ್ಚಳ ತೆಗೆದಳು. ಒಗೆಯದ ಬಟ್ಟೆಗಳು. ಒಂದೊಂದಾಗಿ ಬಿಡಿಸಿದಳು. ಎಲ್ಲವೂ ಒದ್ದೆ, ಒಂದರಲ್ಲೂ ಹಳದಿ ಇಲ್ಲ. ಅಣ್ಣನ ಮಗುವಿನ ಬಟ್ಟೆ ಉಜ್ಜಿ ಉಜ್ಜಿ ಬೆರಳಿನ ಸಿಪ್ಪೆ ಎದ್ದದ್ದು, ಕಲೆ ಹೋಗದೆ ಬೈಸಿಕೊಂಡದ್ದು ನೆನಪಾಯಿತು. ಒಂದು ಬಟ್ಟೆಯನ್ನು ಮೂಗಿನ ಹತ್ತಿರ ತಂದಳು. ಸೋಂಪಿನ ವಾಸನೆ.

ತೊಟ್ಟಿಲಿನ ಹತ್ತಿರ ಬಂದು ಪಿನ್ನು ಬಿಚ್ಚಿದಳು. ಹೆತ್ತ ಮೇಲೆ ಅವಳು ತನ್ನ ಮಗನ ಬಟ್ಟೆ ಬಿಚ್ಚಿದ್ದು ಅದೇ ಮೊದಲು. ತೊಡೆಯ ಚರ್ಮ ದೊಗಳೆ ಕಾಲುಚೀಲದಂತೆ ನೆರಿಗೆಗಟ್ಟಿತ್ತು. ಕೂಸು ಅಳಲಿಲ್ಲ. ಅದು ಸಾಧುವಾಗಿರಲಿಲ್ಲ, ಅಳಲು ಅದಕ್ಕೆ ಶಕ್ತಿ ಇರಲಿಲ್ಲ. ಕರೆಯದ ಹಸುವಿನ ಕೆಚ್ಚಲು ಬತ್ತುತ್ತದೆಂದು ಕಾಲೊನಿಯ ಚಿಕ್ಕ ಮಕ್ಕಳಿಗೂ ಗೊತ್ತು. ರಾತ್ರಿಯೆಲ್ಲ ಕಷಾಯದಿಂದ ಹೊಟ್ಟೆ ಉಬ್ಬಿಸಿಕೊಂಡ ಮಗು ಎದೆಯನ್ನು ಎಳೆಯಲಿಲ್ಲ, ಎಳೆಯದ ಎದೆ ಬತ್ತಿತು. ಗೊತ್ತಿದ್ದೂ ಹಟ್ಟಿಯ ಆ ಮಾತನ್ನು ಯಾರೂ ಮನೆಯೊಳಗೆ ತಂದಿರಲಿಲ್ಲ.

ಸಾನ್ನಾ ಹಲಗೆಯಂತೆ ಸೆಟೆದ ಬಟ್ಟೆಗಳನ್ನು ತೋಳಿನ ಮೇಲೆ ಪೇರಿಸಿಕೊಂಡು ಒಳಗೆ ಬಂದಳು.

"ಯಾಕೆ ಎದ್ದೆ? ನೆಲ ತಣ್ಣಗಿದೆ."

"ಅಮ್ಮ, ಇವನು ಹೇತು ಎಷ್ಟು ದಿನ ಆಯ್ತು?"

"ಹಾಲು ಪೂರಾ ಮೈಗೆ ಹಿಡಿತಿದೆ. ಉಳಿದ್ರೆ ತಾನೆ ಬರೋದು."

"ಮೈ ಎಲ್ಲಿದೆಯಮ್ಮ? ನೋಡು."

ಸಾನ್ನಾ ನೋಡಿದಳು. ದಿನಕ್ಕೆ ಹತ್ತು ಸಲ ನೋಡುತ್ತಿದ್ದ ತೊಡೆಯನ್ನೇ ನೋಡಿದಳು. ಬೈಗುಳವೋ ಅಳುವೋ ಬರುವುದೆಂದು ಯುಸ್ಟೀನಾ ಕಾಯುತ್ತಿದ್ದಳು. ತಾಯಿ ಬಟ್ಟೆಗಳನ್ನು ಕುರ್ಚಿಯ ಮೇಲಿಟ್ಟು, ಮೇಲಿನದರ ಅಂಚನ್ನು ಬೆರಳಿನಿಂದ ಸವರಿದಳು.

"ಯೋಹಾನನ ಬಟ್ಟೆನೂ ಹಿಂಗೇ ಬೆಳ್ಳಗಿದ್ವು," ಎಂದಳು.

ಯೋಹಾನ ಅವಳ ಚೊಚ್ಚಲು ಮಗ. ಯುಸ್ಟೀನಾ ಹುಟ್ಟುವ ಮೊದಲೇ, ತಿಂಗಳು ತುಂಬುವುದರೊಳಗೆ ಹೋದವನು. ತೆಳು ಹಾಲಿಗೆ ಹೋದ ಎಂದೇ ಮನೆಯಲ್ಲಿ ಹೇಳುತ್ತಿದ್ದರು.

"ನಮ್ಮಮ್ಮ ಬಂದಿದ್ಳು ಬಾಣಂತನಕ್ಕೆ, ಇದೇ ಸೋಂಪು ಹಿಡ್ಕೊಂಡು. ಊರಿಗೆಲ್ಲ ತೋರಿಸಿದ್ಳು, ನೋಡಿ ನನ್ನ ಮಗಳ ತಂತಿ ಅಂತ."

ಯುಸ್ಟೀನಾ ಮಗುವಿಗೆ ಬಟ್ಟೆ ಕಟ್ಟಿ, ಬೆರಳನ್ನು ಒಳಗಿಟ್ಟು ಪಿನ್ನು ಚುಚ್ಚಿದಳು. ಏನು ಹೇಳಿದರೂ ಅದು ತಾಯಿಯನ್ನು ಇನ್ನಷ್ಟು ಚುಚ್ಚುವಂತೆ ಕಂಡಿತು.

ಅಂದೇ ಎಲಿಯಾಸ್ ಯಜಮಾನರ ಬಾಗಿಲು ತಟ್ಟಿದ. ಮಗುವನ್ನು ಪೇಟೆಯ ಡಾಕ್ಟರಿಗೆ ತೋರಿಸಿ, ಹಾಲಿನ ಪುಡಿಯ ಡಬ್ಬ ತಂದರು. ಮೊದಲು ಎದೆ, ಆಮೇಲೆ ಡಬ್ಬದ ಹಾಲು, ಕಷಾಯ ಬೇಡ ಎಂದಿದ್ದರು ಡಾಕ್ಟರು. ತೊಟ್ಟಿಲು ಯುಸ್ಟೀನಾಳ ಮಂಚದ ಪಕ್ಕಕ್ಕೆ ಬಂತು. ಹೇಳಲು ಸುಲಭವಾಗಿತ್ತು. ಬಾಟಲಿಗೆ ಪಳಗಿದ ಬಾಯಿ ಬರಿಯ ಎದೆಯನ್ನು ಕಂಡರೆ ಬೆನ್ನು ಬಿಲ್ಲಾಗಿಸಿ ಚೀರುತ್ತಿತ್ತು. ಡಬ್ಬದ ಹಾಲು ಕೊಟ್ಟ ಶಕ್ತಿಯೆಲ್ಲ ಆ ಚೀರಾಟಕ್ಕೇ. ಮೊಲೆತೊಟ್ಟು ಒಡೆದು ರಕ್ತ ಜಿನುಗಿತು. ಅವಳು ಮತ್ತೆ ಬಾಯಿಗಿಡುತ್ತಿದ್ದಳು, ಮತ್ತೆ ಚೀರಾಟ. ಎದೆ ಅವಳ ಮಾತು ಕೇಳುತ್ತಿರಲಿಲ್ಲ. ಬೇಡಿಕೊಂಡರೂ, ಬೈದರೂ ತುಂಬುತ್ತಿರಲಿಲ್ಲ. ಸಾನ್ನಾ ಗೋಡೆಗೆ ಒರಗಿ ನಿಂತಿರುತ್ತಿದ್ದಳು. ಸೋಂಪಿನ ಚೀಲ ಗೂಟದಿಂದ ಮಾಯವಾಗಿತ್ತು.

ಸಾನ್ನಾ ಊರಿಗೆ ಹೊರಡಬೇಕಾದ ಹಿಂದಿನ ದಿನ, ಯಾಕೋ ಏನೋ, ಮಗು ಚೀರದೆ ಎದೆಗೆ ಬಾಯಿ ಹಾಕಿತು. ಎಳೆಯಿತು, ನಿಲ್ಲಿಸಿತು, ಮತ್ತೆ ಎಳೆಯಿತು. ಗಂಟಲಲ್ಲಿ ಗುಟುಕು ಇಳಿಯುವ ಸಣ್ಣ ಸದ್ದು ಕೇಳಿದಂತಾಯಿತು. ಇರಲಿಕ್ಕಿಲ್ಲ ಎಂದೂ ಅನಿಸಿತು.

ಬಾಗಿಲಲ್ಲಿ ಸಾನ್ನಾ ನಿಂತಿದ್ದಳು. ಆಗಷ್ಟೇ ಬದಲಿಸಿದ ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದಿದ್ದಳು. ನಡುವೆ ಅಂಗೈಯಗಲದ ಹಳದಿ ಕಲೆ. ಡಬ್ಬದ ಹಾಲಿನದೋ, ತನ್ನ ಎದೆಯದೋ, ಯುಸ್ಟೀನಾಳಿಗೆ ತಿಳಿಯಲಿಲ್ಲ.

"ಇದನ್ನ ಒಗೀಬೇಕೇನೇ?" ಎಂದಳು ಸಾನ್ನಾ. ಇಡೀ ಜನ್ಮ ಬಟ್ಟೆ ಒಗೆದವಳು, ಗೊತ್ತಿಲ್ಲದವಳಂತೆ ಕೇಳಿದಳು.

ಯುಸ್ಟೀನಾಳಿಗೆ ಎದ್ದುಹೋಗಿ ತಾಯಿಯನ್ನು ಹಿಡಿದುಕೊಳ್ಳಬೇಕೆನಿಸಿತು. ಆದರೆ ಮಗು ಅಪರೂಪಕ್ಕೆ ಕಚ್ಚಿಕೊಂಡಿತ್ತು, ಅಲುಗಿದರೆ ಬಿಟ್ಟುಬಿಡುತ್ತಿತ್ತು. ಅವಳು ಅಲುಗಲಿಲ್ಲ.